ರಾತ್ರಿ ನಿದ್ದೆ ಮಾತ್ರೆ, ಬೆಳಗ್ಗೆ ಸ್ಟೇರಿಂಗ್: ಎಷ್ಟು ಗಂಟೆ ಬಿಡಬೇಕು?

ಅಮ್ಮತ್ತಿ_ತೋಟದಮನೆ

ಎಲ್ಲರಿಗೂ ನಮಸ್ಕಾರ. ಸುತ್ತಿ ಬಳಸದೆ ಕೇಳಿಬಿಡುತ್ತೇನೆ.

ನಮ್ಮ ಮಾವನಿಗೆ 66 ವರ್ಷ. ಅತ್ತೆ ತೀರಿಕೊಂಡ ಮೇಲೆ ಅವರಿಗೆ ರಾತ್ರಿ ಕಣ್ಣು ಮುಚ್ಚುತ್ತಲೇ ಇರಲಿಲ್ಲ. ಡಾಕ್ಟರ್ ಕ್ಲೋನಾಜೆಪಾಮ್ 0.5 ಮಿಲಿಗ್ರಾಂ ಬರೆದುಕೊಟ್ಟಿದ್ದಾರೆ. ಊಟ ಆದ ಮೇಲೆ ಒಂಬತ್ತೂವರೆಗೆ ತಗೊಳ್ಳುತ್ತಾರೆ. ಈಗ ನಿದ್ದೆ ಪರವಾಗಿಲ್ಲ.

ನನ್ನ ಚಿಂತೆ ಬೆಳಗ್ಗೆಯದು. ಕಾಫಿ ಕೊಯ್ಲು ನಡೀತಾ ಇದೆ. ಏಳು ಗಂಟೆಗೆಲ್ಲ ಮಾವ ಜೀಪು ತೆಗೆದು ಸಿದ್ದಾಪುರದ ಕಡೆಯಿಂದ ಆಳುಗಳನ್ನು ಕರೆದುಕೊಂಡು ಬರುತ್ತಾರೆ, ಬಂದು ಒಂದು ಲೋಟ ಕಾಫಿ ಕುಡಿದು ಮತ್ತೆ ನನ್ನ ಮಗಳನ್ನು ವಿರಾಜಪೇಟೆಗೆ ಶಾಲೆಗೆ ಬಿಡುತ್ತಾರೆ. ನನ್ನ ಯಜಮಾನರು ಮೈಸೂರಿನಲ್ಲಿ ಕೆಲಸದಲ್ಲಿದ್ದಾರೆ, ಶನಿವಾರ ಬರುತ್ತಾರೆ. ಮನೆಯಲ್ಲಿ ಗಾಡಿ ಓಡಿಸುವವರು ಮಾವ ಒಬ್ಬರೇ.

ಇನ್ನೊಂದು ವಿಷಯ. ಸಂಜೆ ಎರಡು ಪೆಗ್ ತಗೊಳ್ಳುವುದು ಅವರ ಹಳೇ ಅಭ್ಯಾಸ. ಅಳತೆ ಮೀರಿದ್ದನ್ನು ನಾನು ಮದುವೆಯಾಗಿ ಬಂದಾಗಿನಿಂದ ನೋಡಿಲ್ಲ. ಮದುವೆ, ನಾಮಕರಣ, ಪುತ್ತರಿ ಅಂತ ಬಂದಾಗ ಮಾತ್ರ ಸ್ವಲ್ಪ ಜಾಸ್ತಿ. ಆದರೆ ಈಗ ಅದರ ಮೇಲೆ ಮಾತ್ರೆಯೂ ಸೇರಿದೆ. ಮೊನ್ನೆ ಮಗಳು ಶಾಲೆಯಿಂದ ಬಂದವಳೇ "ತಾತ ಗಾಡಿಯನ್ನು ಮಣ್ಣಿಗೆ ಇಳಿಸಿಬಿಟ್ಟರು, ಆಮೇಲೆ ತಟ್ಟಂತ ತಿರುಗಿಸಿದರು" ಅಂದಳು. ಮಾವನನ್ನು ಕೇಳಿದರೆ ಎದುರಿಗೆ ಬಸ್ಸು ಬಂತು, ಅದಕ್ಕೇ ಇಳಿಸಿದೆ ಅಂದರು. ಇರಬಹುದು. ಆದರೂ ನನಗೆ ಸಮಾಧಾನ ಇಲ್ಲ.

ಪೆಗ್ಗಿಗೂ ಮಾತ್ರೆಗೂ ನಡುವೆ ಎಷ್ಟು ಗಂಟೆ ಬಿಡಬೇಕು? ಮಾತ್ರೆ ತಗೊಂಡು ಒಂಬತ್ತೂವರೆ ಗಂಟೆ ಆದ ಮೇಲೆ ಗಾಡಿ ಓಡಿಸಿದರೆ ಸಾಕಾಗುವುದಿಲ್ಲವಾ? ಮಾತ್ರೆಯನ್ನೇ ನಿಲ್ಲಿಸಿಬಿಡಲಿ ಅಂತ ಹೇಳಲಾ? ಗೊತ್ತಿರುವವರು ದಯವಿಟ್ಟು ಹೇಳಿ.

---

ಫಾರ್ಮಸಿಸ್ಟ್_ಗೋಣಿಕೊಪ್ಪ

ಅಕ್ಕ, ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಈ ಗುಂಪಿನ ಮಾತ್ರೆಯನ್ನು ಕೆಲವು ವಾರ ದಿನಾ ತಗೊಂಡವರು ಒಮ್ಮೆಲೇ ಬಿಟ್ಟರೆ ನಿದ್ದೆ ಮೊದಲಿಗಿಂತ ಹಾಳಾಗುತ್ತದೆ, ಕೈ ನಡುಗುತ್ತದೆ, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಡೋಸ್ ನಿಧಾನವಾಗಿ ಇಳಿಸಬೇಕು. ಅದು ಬರೆದುಕೊಟ್ಟ ಡಾಕ್ಟರ್ ಕೆಲಸ.

ಈಗ ಗಂಟೆ ಲೆಕ್ಕ. ಕ್ಲೋನಾಜೆಪಾಮ್‌ನ ಅರ್ಧಾಯುಷ್ಯ ಸುಮಾರು 30ರಿಂದ 40 ಗಂಟೆ. ಅಂದರೆ ಇವತ್ತು ರಾತ್ರಿ ತಗೊಂಡ ಮಾತ್ರೆಯಲ್ಲಿ ಅರ್ಧಕ್ಕಿಂತ ಜಾಸ್ತಿ ನಾಳೆ ರಾತ್ರಿ ಮುಂದಿನ ಮಾತ್ರೆ ನುಂಗುವ ಹೊತ್ತಿಗೂ ಮೈಯಲ್ಲೇ ಇರುತ್ತದೆ. ದಿನಾ ತಗೊಂಡರೆ ಒಂದರ ಮೇಲೊಂದು ಸೇರುತ್ತಾ ಸುಮಾರು ಒಂದು ವಾರದ ಹೊತ್ತಿಗೆ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಹಾಗಾಗಿ ಬೆಳಗ್ಗೆ ಏಳಕ್ಕೆ ಅವರ ರಕ್ತದಲ್ಲಿ ಮಾತ್ರೆ ಇದ್ದೇ ಇರುತ್ತದೆ. ಸಂಜೆ ಪೆಗ್ ಹಾಕುವಾಗಲೂ ಇರುತ್ತದೆ. "ಪೆಗ್ ಏಳಕ್ಕೆ, ಮಾತ್ರೆ ಒಂಬತ್ತೂವರೆಗೆ, ನಡುವೆ ಗ್ಯಾಪ್ ಇದೆ" ಅನ್ನುವ ಮಾತೇ ಈ ಮಾತ್ರೆಯ ವಿಷಯದಲ್ಲಿ ನಿಲ್ಲುವುದಿಲ್ಲ.

ಎಲ್ಲ ಮಾತ್ರೆಯೂ ಒಂದೇ ತರ ಅಲ್ಲ. ಆಲ್ಪ್ರಜೋಲಾಮ್ ಅರ್ಧ ಇಳಿಯಲು ಸುಮಾರು 11 ಗಂಟೆ ಬೇಕು, ವಯಸ್ಸಾದವರಿಗೆ ಇನ್ನೂ ಜಾಸ್ತಿ. ಜೋಲ್ಪಿಡೆಮ್ ಎರಡು ಮೂರು ಗಂಟೆಯಲ್ಲೇ ಅರ್ಧಕ್ಕೆ ಇಳಿಯುತ್ತದೆ. ಡಯಾಜೆಪಾಮ್ ಮಾತ್ರ ದಿನಗಟ್ಟಲೆ ಕೂತಿರುತ್ತದೆ. ಬೇಗ ಇಳಿಯುವ ಜೋಲ್ಪಿಡೆಮ್ ವಿಷಯದಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಹೆಂಗಸರ ಡೋಸನ್ನು 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಿತು. ಕಾರಣ ಇದೇ: ಬೆಳಗ್ಗೆ ಎದ್ದು ಗಾಡಿ ಓಡಿಸುವ ಹೊತ್ತಿಗೂ ಕೆಲವರ ರಕ್ತದಲ್ಲಿ ಅಪಾಯವಾಗುವಷ್ಟು ಉಳಿದಿರುತ್ತಿತ್ತು.

ಇನ್ನೊಂದು ಮಾತು. ಪಕ್ಕದ ಮನೆಯವರ ಸ್ಟ್ರಿಪ್ಪಿನಿಂದ ಎರಡು ಮಾತ್ರೆ ಇಸ್ಕೊಂಡು ನುಂಗುವವರು ನಮ್ಮ ಕಡೆ ತುಂಬಾ ಜನ ಇದ್ದಾರೆ. ಆಲ್ಪ್ರಜೋಲಾಮ್, ಡಯಾಜೆಪಾಮ್, ಜೋಲ್ಪಿಡೆಮ್ ಎಲ್ಲವೂ ಶೆಡ್ಯೂಲ್ ಎಚ್1 ಪಟ್ಟಿಯ ಔಷಧಿಗಳು. ನಾವು ಚೀಟಿ ನೋಡಿ, ಹೆಸರು ರಿಜಿಸ್ಟರಿನಲ್ಲಿ ಬರೆದುಕೊಂಡೇ ಕೊಡಬೇಕು. ಚೀಟಿ ಇಲ್ಲದೆ ಕೊಡಲ್ಲ ಅಂದರೆ ನಮ್ಮ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ.

---

ಸಂಪಾಜೆ_ಘಾಟಿ

ನಾನು ಟೂರಿಸ್ಟ್ ಜೀಪು ಓಡಿಸುವವನು. ನನಗೆ ಮಾತ್ರೆ ವಿಷಯ ಗೊತ್ತಿಲ್ಲ. ರಸ್ತೆ ವಿಷಯ ಗೊತ್ತು.

ಸಿದ್ದಾಪುರ, ಮಾಲ್ದಾರೆ, ಅಮ್ಮತ್ತಿ ಸುತ್ತಮುತ್ತ ಬೆಳಗ್ಗೆ ಆರೂವರೆ ಏಳು ಅಂದರೆ ರಾತ್ರಿಯೆಲ್ಲ ತೋಟದಲ್ಲಿದ್ದ ಆನೆ ಕಾಡಿನ ಕಡೆ ವಾಪಸ್ ಹೋಗುವ ಹೊತ್ತು. ತಿರುವು ದಾಟುತ್ತಿದ್ದಂತೆ ರಸ್ತೆ ಮಧ್ಯೆ ನಿಂತಿರುತ್ತದೆ, ಮಂಜಿನಲ್ಲಿ ಹತ್ತಿರ ಹೋಗುವವರೆಗೆ ಕಾಣುವುದೇ ಇಲ್ಲ, ಹಾರ್ನ್ ಹೊಡೆಯುವಂತಿಲ್ಲ, ಮೆಲ್ಲಗೆ ನಿಲ್ಲಿಸಿ ಹಿಂದಕ್ಕೆ ತಗೋಬೇಕು. 40ರ ಸ್ಪೀಡಿನಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಕಾಲು ಬ್ರೇಕಿಗೆ ಹೋಗುವುದು ಅರ್ಧ ಸೆಕೆಂಡ್ ತಡವಾಯಿತು ಅಂದರೆ ಐದೂವರೆ ಮೀಟರ್ ಹೋಯಿತು. ನಮ್ಮ ತೋಟದ ರಸ್ತೆಗಳಲ್ಲಿ ಐದೂವರೆ ಮೀಟರ್ ಅಂದರೆ ರಸ್ತೆ ಮುಗಿದು ಚರಂಡಿ ದಾಟಿ ಕಾಫಿ ಗಿಡದೊಳಗೆ ಇರುತ್ತೀರಿ.

ಜೀಪಿನ ಹಿಂದೆ ಕೂತ ಆಳುಗಳಿಗೆ ಬೆಲ್ಟೂ ಇರುವುದಿಲ್ಲ, ಹಿಡಿದುಕೊಳ್ಳಲು ಸರಿಯಾಗಿ ಏನೂ ಇರುವುದಿಲ್ಲ. ಮುಂದೆ ಕೂತವರು ತುಂಬಾ ವರ್ಷದಿಂದ ಓಡಿಸುತ್ತಿದ್ದಾರೆ ಅಂತ ನಂಬಿ ಹತ್ತುತ್ತಾರೆ. ಬೇಡ ಅನ್ನುವ ಧೈರ್ಯ ಅವರಿಗೆ ಬರುವುದಿಲ್ಲ, ಕೂಲಿ ಕೊಡುವವರೇ ಓಡಿಸುತ್ತಿದ್ದರೆ ಇನ್ನೂ ಬರುವುದಿಲ್ಲ. ಮಗುವಿನ ಜೊತೆ ಅವರನ್ನೂ ಲೆಕ್ಕಕ್ಕೆ ತಗೊಳ್ಳಿ ತಂಗಿ.

---

ನಾಪೋಕ್ಲು_65

ನನ್ನದೊಂದು ಬೇರೆ ಅಭಿಪ್ರಾಯ. ಇಷ್ಟೊಂದು ಹೆದರಿಸುವ ಅಗತ್ಯ ಇಲ್ಲ. ನಮ್ಮ ಹಿರಿಯರೆಲ್ಲ ಸಂಜೆ ಎರಡು ಪೆಗ್ ತಗೊಂಡು ಎಂಬತ್ತು ವರ್ಷ ಗಟ್ಟಿಯಾಗಿ ಬಾಳಿದವರು. ಮೈ ಒಗ್ಗಿಕೊಂಡಿರುತ್ತದೆ. ಮಾತ್ರೆಯೂ 0.5 ಅಷ್ಟೇ, ದೊಡ್ಡ ಡೋಸ್ ಅಲ್ಲ. ಹೆಂಡತಿ ಹೋದ ಮನುಷ್ಯ, ಅವರ ಕೈಯಿಂದ ಜೀಪಿನ ಕೀ ಕಿತ್ತುಕೊಂಡರೆ ಮನೆಯಲ್ಲಿ ಮೂಲೆಗೆ ಕೂರಿಸಿದ ಹಾಗೆ ಆಗುತ್ತದೆ. ಆ ನೋವು ಮಾತ್ರೆಗಿಂತ ಕೆಟ್ಟದ್ದು. ಬೆಳಗ್ಗೆ ಒಂದು ಸ್ಟ್ರಾಂಗ್ ಕಾಫಿ ಕುಡಿದು ಹೊರಟರೆ ಸಾಕು.

---

ಡಾಕ್ಟರ್_ದಕ್ಷಿಣಕೊಡಗು

ನಾಪೋಕ್ಲು ಅವರೇ, ಕೀ ಕಿತ್ತುಕೊಳ್ಳುವ ನೋವಿನ ಬಗ್ಗೆ ನೀವು ಹೇಳಿದ್ದು ನಿಜ. ಅದಕ್ಕೆ ಆಮೇಲೆ ಬರುತ್ತೇನೆ. ಆದರೆ "ಒಗ್ಗಿಕೊಂಡಿರುತ್ತದೆ" ಅನ್ನುವುದನ್ನೂ ಕಾಫಿಯನ್ನೂ ನಾನು ಒಪ್ಪುವುದಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ನಮ್ಮ ಮೆದುಳಿನಲ್ಲಿ ಗಾಬಾ ಅನ್ನುವ ಒಂದು ರಾಸಾಯನಿಕ ಇದೆ. ನರಗಳ ಓಟವನ್ನು ತಡೆಯುವ ಬ್ರೇಕ್ ಅದು. ಕ್ಲೋನಾಜೆಪಾಮ್ ಆ ಬ್ರೇಕನ್ನು ಬಲವಾಗಿ ಒತ್ತುತ್ತದೆ. ಮದ್ಯವೂ ಅದನ್ನೇ ಒತ್ತುತ್ತದೆ, ಬೇರೆ ಜಾಗದಿಂದ. ಎರಡೂ ಸೇರಿದಾಗ ಮಂಪರು ಮಾತ್ರ ಅಲ್ಲ, ಉಸಿರಾಟವೂ ನಿಧಾನವಾಗುತ್ತದೆ. ನಿದ್ದೆಯಲ್ಲಿ ಜೋರಾಗಿ ಗೊರಕೆ ಹೊಡೆಯುವ, ನಡುನಡುವೆ ಉಸಿರು ನಿಂತಂತೆ ಆಗುವ ಹಿರಿಯರಿಗೆ ಇದು ಇನ್ನೂ ಅಪಾಯ. ಹಾಗಾಗಿ ಪೆಗ್ಗೂ ಮಾತ್ರೆಯೂ ಒಟ್ಟಿಗೆ ಬೇಡ ಅನ್ನುವುದು ಗಾಡಿ ಓಡಿಸದವರಿಗೂ ಅನ್ವಯಿಸುತ್ತದೆ. ರಾತ್ರಿ ಬಾತ್‌ರೂಮಿಗೆ ಎದ್ದು ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಬರುವ ಹಿರಿಯರಲ್ಲಿ ಈ ಮಾತ್ರೆ ತಗೊಳ್ಳುವವರು ಬಹಳ.

ಮದ್ಯದ ಲೆಕ್ಕ ನೋಡಿ. ನಮ್ಮಲ್ಲಿ ಸಿಗುವ ವಿಸ್ಕಿ, ಬ್ರಾಂಡಿ, ರಮ್ ಸಾಮಾನ್ಯವಾಗಿ ಶೇಕಡಾ 42.8ರದ್ದು. 30 ಎಂಎಲ್ ಸ್ಮಾಲ್ ಪೆಗ್‌ನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ, 60ರ ಲಾರ್ಜ್‌ನಲ್ಲಿ 20 ಗ್ರಾಂ. 70 ಕೆಜಿ ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಒಂದು ಲಾರ್ಜ್ ಹಾಕಿದರೇ ಕಾನೂನಿನ ಮಿತಿ ದಾಟಬಹುದು. ಲಿವರ್ ಗಂಟೆಗೆ ಸುಮಾರು 7ರಿಂದ 10 ಗ್ರಾಂ ಕರಗಿಸುತ್ತದೆ, ಅಷ್ಟೇ. ಹಬ್ಬದ ರಾತ್ರಿ ಒಂದು ಕ್ವಾರ್ಟರ್, ಅಂದರೆ 180 ಎಂಎಲ್, ಮುಗಿಸಿ ಹನ್ನೊಂದಕ್ಕೆ ಮಲಗಿದವನ ಮೈಯಲ್ಲಿ ಬೆಳಗ್ಗೆ ಐದಕ್ಕೂ ಮದ್ಯ ಉಳಿದಿರಬಹುದು. ಕಾಫಿ, ತಣ್ಣೀರ ಸ್ನಾನ, ಮಜ್ಜಿಗೆ, ನಿಂಬೆಹಣ್ಣು ಯಾವುದೂ ಲಿವರ್ ಕೆಲಸವನ್ನು ಬೇಗ ಮುಗಿಸುವುದಿಲ್ಲ. ನಮ್ಮ ಜಿಲ್ಲೆಯ ಕಾಫಿ ಎಷ್ಟೇ ಚೆನ್ನಾಗಿರಲಿ, ಅದು ಕಣ್ಣು ತೆರೆಸುತ್ತದೆ ಹೊರತು ಕೈಕಾಲಿನ ಹಿಡಿತ ವಾಪಸ್ ಕೊಡುವುದಿಲ್ಲ.

ಈಗ ಮಾತ್ರೆ ಮತ್ತು ಡ್ರೈವಿಂಗ್. ನೆದರ್ಲೆಂಡ್ಸಿನಲ್ಲಿ 1980ರ ದಶಕದಿಂದ ಒಂದು ಪರೀಕ್ಷೆ ನಡೆಸುತ್ತಾ ಬಂದಿದ್ದಾರೆ. ಮಾತ್ರೆ ತಗೊಂಡವರನ್ನು ನಿಜವಾದ ಹೆದ್ದಾರಿಯಲ್ಲೇ ಸುಮಾರು 100 ಕಿಲೋಮೀಟರ್ ಓಡಿಸಲು ಬಿಡುತ್ತಾರೆ. ಪಕ್ಕದಲ್ಲಿ ಇನ್ನೊಂದು ಬ್ರೇಕ್ ಇಟ್ಟುಕೊಂಡ ತರಬೇತುದಾರ ಕೂತಿರುತ್ತಾರೆ. ಗಾಡಿ ತನ್ನ ಸಾಲಿನೊಳಗೆ ಎಡಕ್ಕೂ ಬಲಕ್ಕೂ ಎಷ್ಟು ಓಲಾಡುತ್ತದೆ ಅನ್ನುವುದನ್ನು ಕ್ಯಾಮೆರಾ ಅಳೆಯುತ್ತದೆ. 100 ಎಂಎಲ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇದ್ದಾಗ ಆ ಓಲಾಟ ಸರಾಸರಿ 2.4 ಸೆಂಟಿಮೀಟರ್ ಹೆಚ್ಚಾಗುತ್ತದೆ. ಕೇಳಲು ಏನೂ ಅಲ್ಲ ಅನಿಸುತ್ತದೆ ಅಲ್ವಾ? ಆದರೆ ಇದು ಇಡೀ ಓಟದ ಸರಾಸರಿ ಏರಿಳಿತ. ನಡುವೆ ಯಾವಾಗಲೋ ಒಮ್ಮೆ ಗಾಡಿ ಪೂರ್ತಿ ಪಕ್ಕದ ಸಾಲಿಗೆ ಹೋಗುವ ಸಾಧ್ಯತೆ ಇದರ ಜೊತೆಗೇ ಏರುತ್ತದೆ. ರಾತ್ರಿ ತಗೊಂಡ ಕೆಲವು ನಿದ್ದೆ ಮಾತ್ರೆಗಳು ಮರುದಿನ ಬೆಳಗ್ಗೆಯೂ ಈ ಮಟ್ಟದ ಓಲಾಟ ತಂದದ್ದು ಇಂಥ ಪರೀಕ್ಷೆಗಳಲ್ಲಿ ಕಂಡಿದೆ. ಅದು ಅಗಲವಾದ, ನೇರವಾದ ಹೆದ್ದಾರಿಯಲ್ಲಿ. ಅಮ್ಮತ್ತಿಯಿಂದ ವಿರಾಜಪೇಟೆಯ ತಿರುವುಗಳನ್ನು ನೀವೇ ಯೋಚಿಸಿ.

ನನಗೆ ಎಲ್ಲಕ್ಕಿಂತ ಚಿಂತೆಯ ವಿಷಯ ಬೇರೆ. ಮಾತ್ರೆಯಾಗಲಿ ಮದ್ಯವಾಗಲಿ, ಕೈಗಿಂತ ಮೊದಲು ಕೆಡಿಸುವುದು ತನ್ನನ್ನು ತಾನು ಅಳೆದುಕೊಳ್ಳುವ ಶಕ್ತಿಯನ್ನು. "ನಾನು ಸರಿಯಾಗೇ ಇದ್ದೇನೆ" ಅನ್ನುವಾಗ ಅವರು ಸುಳ್ಳು ಹೇಳುತ್ತಿರುವುದಿಲ್ಲ, ಅವರಿಗೆ ನಿಜವಾಗಿ ಹಾಗೇ ಅನಿಸುತ್ತದೆ. ಮಂಪರಿಗೆ ಮೈ ಕೆಲವು ವಾರದಲ್ಲಿ ಸ್ವಲ್ಪ ಒಗ್ಗುತ್ತದೆ, ನಿಜ. ಮಂಪರು ಕಡಿಮೆ ಅನಿಸಿದ ಮಾತ್ರಕ್ಕೆ ಗಮನ ಮತ್ತು ವೇಗ ಪೂರ್ತಿ ವಾಪಸ್ ಬಂತು ಅಂತ ಅಲ್ಲ. ಆದ್ದರಿಂದ ಓಡಿಸಬಹುದೋ ಬೇಡವೋ ಅನ್ನುವುದನ್ನು ಬೆಳಗ್ಗೆ ಜೀಪಿನ ಪಕ್ಕ ನಿಂತು ತೀರ್ಮಾನ ಮಾಡಬಾರದು. ಮಾತ್ರೆ ಶುರು ಮಾಡುವ ದಿನವೇ ಡಾಕ್ಟರ್ ಎದುರಿಗೆ ಮಾತಾಡಿ ತೀರ್ಮಾನ ಮಾಡಬೇಕು.

ಅಮ್ಮತ್ತಿ ಮೇಡಂ, ನೀವು ಮಾಡಬೇಕಾದದ್ದು: ಮಾವನನ್ನು ಕರೆದುಕೊಂಡು ಬರೆದುಕೊಟ್ಟ ಡಾಕ್ಟರ್ ಹತ್ತಿರ ಈ ವಾರವೇ ಹೋಗಿ. ಎರಡು ಪೆಗ್ ವಿಷಯ ಮುಚ್ಚಿಡಬೇಡಿ. ಬೆಳಗ್ಗೆ ಏಳಕ್ಕೆ ಗಾಡಿ ಓಡಿಸುತ್ತಾರೆ ಅನ್ನುವುದನ್ನೂ, ಬಿಪಿ, ಶುಗರ್, ನೋವು, ಅಲರ್ಜಿ ಅಂತ ಬೇರೆ ಏನೇನು ಮಾತ್ರೆ ಇದೆ ಅನ್ನುವುದನ್ನೂ ಹೇಳಿ. ಡೋಸ್ ಇಳಿಸಬಹುದು, ಬೇರೆ ಔಷಧಿಗೆ ಬದಲಾಯಿಸಬಹುದು, ಮಾತ್ರೆ ಇಲ್ಲದೆ ನಿದ್ದೆ ಸರಿಮಾಡುವ ದಾರಿಯೂ ಇದೆ. ಇನ್ನೊಂದು ಗೊತ್ತಿರಲಿ. ಪೆಗ್ ಬೇಗ ನಿದ್ದೆ ತರುತ್ತದೆ, ಆದರೆ ನಡುರಾತ್ರಿಯ ನಂತರದ ನಿದ್ದೆಯನ್ನು ಒಡೆಯುತ್ತದೆ. ಅವರಿಗೆ ಎರಡು ಮೂರು ಗಂಟೆಗೆ ಎಚ್ಚರ ಆಗುತ್ತಿದ್ದರೆ ಆ ಪೆಗ್ಗಿಗೂ ಅದರಲ್ಲಿ ಪಾಲು ಇರಬಹುದು. ಆದರೆ ಹಲವು ವರ್ಷದ ಅಭ್ಯಾಸವನ್ನು ಅವರೇ ಒಂದೇ ದಿನ ಬಿಡಲು ಹೋಗುವುದೂ ಬೇಡ, ಅದನ್ನೂ ಡಾಕ್ಟರ್ ಹೇಳಿದಂತೆ ಮಾಡಲಿ. ಅಲ್ಲಿಯವರೆಗೆ ಜೀಪು ಬೇರೆ ಯಾರಾದರೂ ಓಡಿಸಲಿ.

ಕೀ ವಿಷಯ. ಸೊಸೆ ಹೇಳಿದರೆ ಮಾವನಿಗೆ ಬೇಜಾರಾಗಬಹುದು. ಡಾಕ್ಟರ್ ಬಾಯಿಂದ ಬಂದರೆ ಅದು ಚಿಕಿತ್ಸೆಯ ಭಾಗ ಆಗುತ್ತದೆ. ನಾನು ನನ್ನ ರೋಗಿಗಳಿಗೆ ಚೀಟಿಯಲ್ಲೇ "ಗಾಡಿ ಓಡಿಸಬಾರದು" ಅಂತ ಕನ್ನಡದಲ್ಲಿ ಬರೆದುಕೊಡುತ್ತೇನೆ. ನಿಮ್ಮ ಡಾಕ್ಟರನ್ನೂ ಹಾಗೆ ಬರೆದುಕೊಡಿ ಅಂತ ಕೇಳಿ.

---

ವಕೀಲ_ಪೊನ್ನಂಪೇಟೆ

ಕಾನೂನು ಸ್ವಲ್ಪ ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆ 1988ರ 185ನೇ ಕಲಂ. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಮದ್ಯ ಇದ್ದರೆ ಅಪರಾಧ. 2019ರ ತಿದ್ದುಪಡಿ ಆದ ಮೇಲೆ ಮೊದಲ ಸಲಕ್ಕೆ 10,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 15,000 ಅಥವಾ 2 ವರ್ಷದವರೆಗೆ ಜೈಲು ಅಥವಾ ಎರಡೂ.

ಜನಕ್ಕೆ ಗೊತ್ತಿಲ್ಲದ್ದು ಅದೇ ಕಲಮಿನ ಎರಡನೇ ಭಾಗ. ಗಾಡಿಯ ಮೇಲೆ ಸರಿಯಾದ ಹಿಡಿತ ಇಟ್ಟುಕೊಳ್ಳಲಾಗದಷ್ಟು ಔಷಧಿಯ ಪ್ರಭಾವದಲ್ಲಿ ಓಡಿಸಿದರೂ ಅದೇ ಶಿಕ್ಷೆ. ಡಾಕ್ಟರ್ ಚೀಟಿ ಇದೆಯಾ ಅಂತ ಆ ಕಲಂ ಕೇಳುವುದಿಲ್ಲ. ಪೊಲೀಸರ ಊದುವ ಯಂತ್ರದಲ್ಲಿ ಮಾತ್ರೆ ಗೊತ್ತಾಗುವುದಿಲ್ಲ, ನಿಜ. ಆದರೆ ಅಪಘಾತ ಆಗಿ ರಕ್ತ ಪರೀಕ್ಷೆಗೆ ಹೋದರೆ ಗೊತ್ತಾಗುತ್ತದೆ. ಯಾರಾದರೂ ಸತ್ತರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಬರುತ್ತದೆ, ನಿರ್ಲಕ್ಷ್ಯದಿಂದ ಸಾವು, 5 ವರ್ಷದವರೆಗೆ ಜೈಲು.

ಇನ್ಶೂರೆನ್ಸ್ ಕೂಡ ನೋಡಿಕೊಳ್ಳಿ. ಕುಡಿದು ಅಥವಾ ಅಮಲಿನ ಔಷಧಿ ತಗೊಂಡು ಓಡಿಸಿದ್ದು ಅಂತ ಆದರೆ ಸ್ವಂತ ಗಾಡಿಯ ಡ್ಯಾಮೇಜ್ ಸಿಗುವುದಿಲ್ಲ. ಎದುರಿನವರಿಗೆ ಕಂಪನಿ ಕೊಟ್ಟರೂ ಆಮೇಲೆ ಅದನ್ನು ಗಾಡಿ ಮಾಲೀಕರಿಂದ ವಸೂಲಿ ಮಾಡುವ ಆದೇಶ ಬರಬಹುದು. ತೋಟ ಇರುವವರಿಗೆ ಇದು ಸಣ್ಣ ಮಾತಲ್ಲ.

---

ಅಮ್ಮತ್ತಿ_ತೋಟದಮನೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇದನ್ನು ನಿನ್ನೆ ರಾತ್ರಿಯೇ ಯಜಮಾನರಿಗೆ ಕಳಿಸಿದೆ. ಅವರು ಫೋನಿನಲ್ಲಿ ಅಪ್ಪನ ಜೊತೆ ಮಾತಾಡಿದ್ದಾರೆ. ಮಾವ ಮೊದಲು ಏನೂ ಹೇಳಲಿಲ್ಲ. ಆಮೇಲೆ ಆಳುಗಳ ವಿಷಯ ಬಂದಾಗ "ಅದು ಸರಿ" ಅಂದರಂತೆ. ಸೋಮವಾರ ಡಾಕ್ಟರ್ ಹತ್ತಿರ ಹೋಗುತ್ತಿದ್ದೇವೆ. ಅಲ್ಲಿಯವರೆಗೆ ಪಕ್ಕದ ತೋಟದ ಪಿಕಪ್ ನಮ್ಮ ಆಳುಗಳನ್ನೂ ಹತ್ತಿಸಿಕೊಂಡು ಬರುತ್ತದೆ, ಡೀಸೆಲ್ ದುಡ್ಡು ನಾವು ಹಂಚಿಕೊಳ್ಳುತ್ತೇವೆ. ಮಗಳಿಗೆ ಶಾಲೆ ವ್ಯಾನ್ ಮಾತಾಡಿದ್ದೇನೆ, ಗೇಟಿನವರೆಗೆ ತಾತನೇ ನಡೆಸಿಕೊಂಡು ಹೋಗಿ ಹತ್ತಿಸುತ್ತಾರೆ. ನಾನೂ ಡ್ರೈವಿಂಗ್ ಕಲಿಯಬೇಕು ಅಂತಿದ್ದೇನೆ.

ಒಂದು ಪ್ರಶ್ನೆ ಉಳಿಯಿತು. ಮಾವನಿಗೆ ಚಳಿಗೆ ನೆಗಡಿ, ಕೆಮ್ಮು ಬರುತ್ತಾ ಇರುತ್ತದೆ. ಅದಕ್ಕೆ ಮೆಡಿಕಲ್‌ನಿಂದ ತರುವ ಸಿರಪ್, ಮಾತ್ರೆ ಪರವಾಗಿಲ್ಲವಾ?

---

ಸಂಪಾಜೆ_ಘಾಟಿ

ಪಿಕಪ್‌ನವರಿಗೆ ಹೇಳಿ, ಹಿಂದೆ ಜನ ತುಂಬಿಸಬೇಡಿ ಅಂತ. ಸರಕಿನ ಗಾಡಿ ಅದು. ಎರಡು ಟ್ರಿಪ್ ಆದರೂ ಪರವಾಗಿಲ್ಲ, ಜೀಪೇ ಸಿಕ್ಕಿದರೆ ಒಳ್ಳೆಯದು. ನಮ್ಮ ಹುಡುಗರಲ್ಲಿ ಒಬ್ಬ ಸಿದ್ದಾಪುರದವನಿದ್ದಾನೆ, ರಾತ್ರಿ ಕುಡಿಯುವವನಲ್ಲ, ಬೆಳಗ್ಗೆ ಎರಡು ಗಂಟೆ ಬಂದು ನಿಮ್ಮ ಜೀಪನ್ನೇ ಓಡಿಸಿಕೊಡುತ್ತಾನೆ. ಬೇಕಿದ್ದರೆ ಮೆಸೇಜ್ ಮಾಡಿ.

---

ಫಾರ್ಮಸಿಸ್ಟ್_ಗೋಣಿಕೊಪ್ಪ

ಅಕ್ಕ, ಒಳ್ಳೆಯ ಪ್ರಶ್ನೆ. ನೆಗಡಿ ಮಾತ್ರೆಗಳಲ್ಲಿ ಹೆಚ್ಚಿನವುಗಳಲ್ಲಿ ಕ್ಲೋರ್‌ಫೆನಿರಮಿನ್ ಇರುತ್ತದೆ. ಕೆಲವು ಕೆಮ್ಮಿನ ಸಿರಪ್‌ನಲ್ಲಿ ಡೈಫೆನ್‌ಹೈಡ್ರಮಿನ್, ಕೆಲವದರಲ್ಲಿ ಕೊಡೀನ್. ಎಲ್ಲವೂ ಮಂಪರು ತರುವಂಥವೇ, ಕ್ಲೋನಾಜೆಪಾಮ್ ಜೊತೆ ಸೇರಿದರೆ ಜಾಸ್ತಿ ಆಗುತ್ತದೆ. ಘಾಟಿಯಲ್ಲಿ ವಾಂತಿ ಆಗಬಾರದು ಅಂತ ತಗೊಳ್ಳುವ ಪ್ರೊಮೆಥಜಿನ್ ಕೂಡ ಹಾಗೇ. ಮಂಡಿನೋವು, ನರದ ನೋವಿಗೆ ಕೊಡುವ ಪ್ರೆಗಾಬಾಲಿನ್, ಟ್ರಮಡಾಲ್ ಸಹ ಇದೇ ಸಾಲಿನವು. ಅಲರ್ಜಿಗೆ ಮಂಪರು ಕಡಿಮೆ ತರುವ ಫೆಕ್ಸೋಫೆನಾಡಿನ್‌ನಂಥವು ಇವೆ. ಅಂಗಡಿಗೆ ಹೋದಾಗ ಬರೀ "ನೆಗಡಿಗೆ ಕೊಡಿ" ಅನ್ನಬೇಡಿ. ರಾತ್ರಿ ಕ್ಲೋನಾಜೆಪಾಮ್ ತಗೊಳ್ಳುತ್ತಾರೆ, ವಯಸ್ಸು 66, ಅಂತ ಮೊದಲೇ ಹೇಳಿ. ಸೋಮವಾರ ಹೋಗುವಾಗ ಮನೆಯಲ್ಲಿರುವ ಎಲ್ಲ ಸ್ಟ್ರಿಪ್, ಬಾಟಲಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರ್ ಟೇಬಲ್ ಮೇಲೆ ಸುರಿಯಿರಿ, ಹೆಸರು ನೆನಪಿಟ್ಟು ಹೇಳುವುದಕ್ಕಿಂತ ಅದು ಸುಲಭ.